ನೀಲಿ ಕಿಡಿ ಬಲ್ಲವರು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಹಳೆಯ ಜಾವಾ ಬೈಕು ಇಂದಿಗೂ ಹೊಗೆಯುಗುಳುತ್ತ ಓಡುತ್ತಿದ್ದರೆ, ಅದಕ್ಕೆ ಕಾರಣ ಹಳೇ ಕೈಯ ಮೆಕ್ಯಾನಿಕ್‌ಗಳು. ಸ್ಟಾರ್ಟ್ ಆಗದ ಗಾಡಿಯ ಮುಂದೆ ಅವರು ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವುದನ್ನು ನೋಡುವುದೇ ಒಂದು ಸುಖ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚುತ್ತಾರೆ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಒಳಗೆಲ್ಲ ಚೆನ್ನಾಗಿ ಉರಿಯುತ್ತಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಬಹುಶಃ ಕಿಡಿ ಸಾಲದು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಹೆಡ್ಡಿನ ಲೋಹಕ್ಕೆ ತಾಗಿಸಿ, ಅಂಗೈ ಮರೆ ಮಾಡಿ ಕಿಕ್ಕರ್ ಒದೆಯುತ್ತಾರೆ. 'ಚಟ್' ಎಂದು ನೀಲಿ ಕಿಡಿ ಹಾರಬೇಕು. ಹಳದಿಯಾಗಿ ಸದ್ದಿಲ್ಲದೆ ಸೋತರೆ, ಬಲಗಡೆಯ ಕವರ್ ಬಿಚ್ಚುವ ಹೊತ್ತು ಬಂತು.

ಅಲ್ಲಿರುವುದು ಪಾಯಿಂಟ್, ಕಿಡಿ ಹಾರಬೇಕಾದ ಗಳಿಗೆಗೆ ಸರಿಯಾಗಿ ತೆರೆದುಕೊಳ್ಳುವ ಪುಟ್ಟ ಸ್ವಿಚ್ಚು. ಪೂರ್ತಿ ತೆರೆದಾಗ ಅದರ ಅಂತರ ಸುಮಾರು 0.4 ಮಿ.ಮೀ. ಫೀಲರ್ ಗೇಜಿನ ಪಟ್ಟಿ ತುಸುವೇ ತಡೆಯುತ್ತ ಜಾರಬೇಕು. ಆ ತಡೆಯ ಹದವನ್ನು ಬೆರಳೇ ಕಲಿಯಬೇಕು. ಟೈಮಿಂಗ್ ನೋಡುವಾಗಂತೂ ಪಾಯಿಂಟಿನ ನಡುವೆ ತೆಳುಕಾಗದದ ಚೂರು ಸಿಕ್ಕಿಸಿ ಕ್ರ್ಯಾಂಕ್ ಮೆಲ್ಲಗೆ ತಿರುಗಿಸುತ್ತಾರೆ. ಬಿಗಿಯಾಗಿದ್ದ ಕಾಗದ ಸಡಿಲವಾದ ಆ ಗಳಿಗೆಯೇ ಕಿಡಿ ಹಾರುವ ಗಳಿಗೆ. ಇಷ್ಟು ಸರಳ, ಇಷ್ಟು ಕರಾರುವಾಕ್ಕು!

ಪಾಯಿಂಟಿನಲ್ಲೇ ಜೋರಾಗಿ ಕಿಡಿ ಹಾರಿ ಮೇಲ್ಮೈ ಸುಟ್ಟಿದ್ದರೆ ಸಂಶಯ ಕಂಡೆನ್ಸರ್ ಮೇಲೆ. ಎಲ್ಲಕ್ಕಿಂತ ಕಷ್ಟದ್ದು ಬಿಸಿಯಾದಾಗ ಕೈಕೊಟ್ಟು, ತಣಿದ ಮೇಲೆ ಏನೂ ಆಗದಂತೆ ಓಡುವ ಗಾಡಿ. ಕಂಡೆನ್ಸರೋ ಕಾಯಿಲೋ ಕಾವಿಗೆ ಸೋಲುತ್ತಿರುತ್ತದೆ, ಅಂಗಡಿಗೆ ಬಂದಾಗ ರೋಗವೇ ಕಾಣದು. ಅದಕ್ಕೇ ಒಳ್ಳೆಯ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಕೇಳುತ್ತಾರೆ: "ಎಷ್ಟು ದೂರ ಓಡಿ ನಿಂತಿತು ಸಾರ್?"