ಬೈಲಾದಲ್ಲಿ ಬರಕ್ಕೊಂದು ಕಲಂ ಇಲ್ಲ

ಮಧುಗಿರಿ ಉಪವಿಭಾಗವೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳಲ್ಲಿ ದುಡಿಯುವ ಸಣ್ಣ ಸ್ವಯಂಸೇವಾ ಸಂಸ್ಥೆಗಳ ಬೈಲಾಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೇಳುವುದೆಲ್ಲ ಅವುಗಳಲ್ಲಿದೆ: ಧ್ಯೇಯೋದ್ದೇಶ, ಕೋರಂ, ವಾರ್ಷಿಕ ಮಹಾಸಭೆ, ಆಡಿಟ್. ಚೆಕ್ಕಿಗೆ ಜಂಟಿ ಸಹಿಯನ್ನೂ ಮರೆತಿರುವುದಿಲ್ಲ. ಕೈ ಶುದ್ಧವಿಲ್ಲದ ಖಜಾಂಚಿಯಿಂದ ಸಂಸ್ಥೆಯನ್ನು ಕಾಪಾಡಲು ಇಷ್ಟು ಸಾಕು. ಮಳೆ ಕೈಕೊಟ್ಟ ವರ್ಷ ಏನು ಮಾಡಬೇಕೆಂದು ಹೇಳುವ ಕಲಂ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಬರವನ್ನೇ ಹಾಸಿ ಹೊದ್ದ ಸೀಮೆಯಲ್ಲಿ ಇದು ಸಣ್ಣ ಮರೆವಲ್ಲ.

ಇದರ ಬಿಸಿ ತಟ್ಟುವುದು ಸಂಸ್ಥೆಗಳಿಗಿಂತ ಮೊದಲು ಅವು ಕಟ್ಟಿ ಬೆಳೆಸಿದ ಮಹಿಳಾ ಸಂಘಗಳಿಗೆ. 1980ರ ದಶಕದಲ್ಲಿ ಮೈರಾಡದಂಥ ಸಂಸ್ಥೆಗಳು ಕರ್ನಾಟಕದಲ್ಲಿ ರೂಪಿಸಿದ ಈ ಮಾದರಿಯನ್ನು 1992ರಲ್ಲಿ ನಬಾರ್ಡ್ ಬ್ಯಾಂಕುಗಳಿಗೆ ಜೋಡಿಸಿತು. ಅಡಮಾನಕ್ಕೆ ಏನೂ ಇಲ್ಲದ ಹೆಣ್ಣುಮಕ್ಕಳಿಗೆ ಸಾಲ ಸಿಕ್ಕಿದ್ದು ಒಬ್ಬರಿಗೊಬ್ಬರು ಆಸರೆಯಾದದ್ದರಿಂದ. ನಿಜಕ್ಕೂ ಜಾಣ ಏರ್ಪಾಡು. ಒಬ್ಬಾಕೆಯ ಎಮ್ಮೆ ಸತ್ತರೆ, ಇನ್ನೊಬ್ಬಾಕೆಯ ಗಂಡ ಹಾಸಿಗೆ ಹಿಡಿದರೆ, ಉಳಿದವರು ಆ ವಾರದ ಕಂತು ತುಂಬುತ್ತಾರೆ. ಆಕೆ ಚೇತರಿಸಿಕೊಂಡು ತೀರಿಸುತ್ತಾಳೆ.

ಪಾವಗಡದಲ್ಲಿ ಕಡಲೆಕಾಯಿ ಒಣಗಿದರೆ ಒಬ್ಬರ ಹೊಲದಲ್ಲಿ ಒಣಗುವುದಿಲ್ಲ, ಊರಿಗೆ ಊರೇ ಒಣಗುತ್ತದೆ. ಹೊಲ ಇದ್ದವಳಿಗೆ ಬೆಳೆ ಇಲ್ಲ, ಕೂಲಿಯವಳಿಗೆ ಕಾಯಿ ಬಿಡಿಸುವ ಕೆಲಸವಿಲ್ಲ. ಆಗ ಯಾರಿಗೆ ಯಾರು ಆಸರೆ? ಒಬ್ಬೊಬ್ಬರಿಗೆ ಬರುವ ಕಷ್ಟಕ್ಕೆಂದು ಹೆಣೆದ ನಿಯಮವನ್ನು ಎಲ್ಲರಿಗೂ ಒಟ್ಟಿಗೆ ಬರುವ ಕಷ್ಟಕ್ಕೂ ಹಾಗೇ ಅನ್ವಯಿಸುವುದೇ ಇಲ್ಲಿನ ದೊಡ್ಡ ದೋಷ. ವಾರದ ಸಭೆ ನಿಲ್ಲುವುದಿಲ್ಲ, ನಡಾವಳಿ ಪುಸ್ತಕದಲ್ಲಿ ವಸೂಲಿಯೂ ನೂರಕ್ಕೆ ನೂರು. ಆ ಕಂತಿನ ದುಡ್ಡು ಕೈಸಾಲದಿಂದಲೋ ಮತ್ತೊಂದು ಮೈಕ್ರೋಫೈನಾನ್ಸ್ ಕಂಪನಿಯಿಂದಲೋ ಬಂದಿರಬಹುದು. ಅದನ್ನು ಬರೆದುಕೊಳ್ಳಲು ಆ ಪುಸ್ತಕದಲ್ಲಿ ಕಾಲಂ ಇಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ನೂರಕ್ಕೆ ನೂರು ಎಂಬ ಅಂಕಿಯನ್ನು ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಅಚ್ಚುಹಾಕಿಸುವವರು ಈ ಸುದ್ದಿಯನ್ನೂ ಜೊತೆಗಿಟ್ಟು ಓದಬೇಕಿತ್ತು.

ಬ್ಯಾಂಕುಗಳಿಗಾದರೂ ಒಂದು ದಾರಿ ಇದೆ. ಪ್ರಕೃತಿ ವಿಕೋಪದಲ್ಲಿ ಶೇ 33ಕ್ಕಿಂತ ಕಡಿಮೆಯಿಲ್ಲದ ಬೆಳೆ ನಷ್ಟವಾದರೆ ಬೆಳೆಸಾಲದ ಅವಧಿ ವಿಸ್ತರಿಸಲು ರಿಸರ್ವ್ ಬ್ಯಾಂಕಿನ ಸೂಚನೆಗಳಲ್ಲಿ ಅವಕಾಶವಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವೇ ಸಾರಿತು. ಅಂದರೆ ಅಳತೆಗೋಲು ಸಿದ್ಧವಾಗಿಯೇ ಇದೆ. 'ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದ ದಿನದಿಂದ ಇಷ್ಟು ತಿಂಗಳು ಅಸಲಿನ ಕಂತು ಕೇಳತಕ್ಕದ್ದಲ್ಲ' ಎಂದು ಒಂದು ಠರಾವು ಮಾಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಸಂಘದ ಸ್ವಂತ ಉಳಿತಾಯದಿಂದ ಕೊಟ್ಟ ಸಾಲಕ್ಕೆ ಇದು ನಾಳೆಯೇ ಜಾರಿಗೆ ಬರಬಲ್ಲದು. ಬ್ಯಾಂಕಿನ ಸಾಲಕ್ಕೆ ಮ್ಯಾನೇಜರ ಒಪ್ಪಿಗೆ ಬೇಕು; ಅದನ್ನು ಕೇಳಬೇಕಾದದ್ದು ಬರ ಬಂದಾಗಲ್ಲ, ಸಾಲಕ್ಕೆ ಸಹಿ ಹಾಕುವ ದಿನ.

ಪಕ್ಕದಲ್ಲೇ ಒಂದು ಹೋಲಿಕೆ ಇದೆ, ಸ್ವಲ್ಪ ಕಹಿಯಾದದ್ದು. ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಮಳೆ ಬರಲಿ, ಬಿಡಲಿ, ಆ ದುಡ್ಡು ಬರುತ್ತದೆ. ಬರದ ಅಪಾಯವನ್ನು ಜಮೀನುದಾರನ ತಲೆಯಿಂದ ಇಳಿಸಿದ ಕರಾರು ಅದು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಕರಾರಿನಲ್ಲಿ ಜಾಗವಿಲ್ಲ. ಅವರ ಪರವಾಗಿ ಹೀಗೊಂದು ಕಾಗದ ಬರೆಯಬೇಕಾದವು ಸ್ವಯಂಸೇವಾ ಸಂಸ್ಥೆಗಳೇ ಅಲ್ಲವೆ?

ಸಂಸ್ಥೆಗಳ ಕಷ್ಟವೂ ಸುಳ್ಳಲ್ಲ. 2020ರಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಮತ್ತೊಂದಕ್ಕೆ ದಾಟಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಯ ಮೂಲಕ ತಾಲ್ಲೂಕಿಗೆ ಹರಿದು ಬರುತ್ತಿದ್ದ ಅಂಥ ಹಣದ ದಾರಿ ಮುಚ್ಚಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಲೆಕ್ಕ ಬರೆಯುವವರ ಸಂಬಳ, ವಕೀಲರ ಫೀಸು ಎಲ್ಲ ಆ ಇಪ್ಪತ್ತರೊಳಗೇ. ಅಪಾಯ ಊಹಿಸಿ ನಿಯಮ ಬರೆಯುವ ಕೆಲಸಕ್ಕೆ ಸಂಬಳ ಕೊಡುವುದು ಕಾನೂನಿನ ಕಣ್ಣಿಗೆ ದುಂದಿನಂತೆ ಕಾಣುತ್ತದೆ.

ಆದರೆ 'ಹಣ ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ' ಎಂಬ ಸಬೂಬನ್ನು ನಾನು ಒಪ್ಪಲಾರೆ. ಆದಾಯ ತೆರಿಗೆಯ ನಿಯಮದಂತೆ ಧರ್ಮಾರ್ಥ ಸಂಸ್ಥೆ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು; ಉಳಿದ ಶೇ 15 ಅದರ ಕೈಯಲ್ಲೇ ಇರಬಹುದು. ಇನ್ನೂ ಹೆಚ್ಚು ಬೇಕೆಂದರೆ, ಇಂಥ ಕೆಲಸಕ್ಕೆಂದು ಮೊದಲೇ ತಿಳಿಸಿ ಐದು ವರ್ಷದವರೆಗೆ ಕೂಡಿಡಬಹುದು. ಬರ ಪರಿಹಾರ ಧ್ಯೇಯೋದ್ದೇಶದಲ್ಲಿ ಇದ್ದರೆ ಬರದ ನಿಧಿಗೆ ಇದಕ್ಕಿಂತ ನೇರವಾದ ದಾರಿ ಬೇಕಿಲ್ಲ. ಪಾವಗಡದಲ್ಲಂತೂ ಅದನ್ನು ಖರ್ಚು ಮಾಡಲು ಐದು ವರ್ಷ ಕಾಯುವ ಪ್ರಮೇಯವೂ ಬರಲಾರದು.