ಕಾಗೆ ಕೂತಿತ್ತು, ಟೊಂಗೆ ಮುರಿಯಿತು

ರಾಬರ್ಟ್ ವಿಟಕರ್ ಬರೆದ 'ಅನಾಟಮಿ ಆಫ್ ಆ್ಯನ್ ಎಪಿಡೆಮಿಕ್' ಬಂದಿದ್ದು 2010ರಲ್ಲಿ. ಇವತ್ತಿಗೂ ಯಾರಾದ್ರೂ ಮಾನಸಿಕ ಕಾಯಿಲೆಯ ಮಾತ್ರೆಗಳ ಬಗ್ಗೆ ಮಾತು ತೆಗೆದ್ರೆ, 'ಮೊದಲು ಈ ಪುಸ್ತಕ ಓದು' ಅನ್ನೋರು ಒಬ್ಬರಾದ್ರೂ ಸಿಗ್ತಾರೆ. ಓದಿದೆ. ಮಕ್ಕಳ ಬಗ್ಗೆ ಇರೋ ಭಾಗವನ್ನ ಎರಡು ಸಲ ಓದಿದೆ. ತುಂಬಾ ಒಳ್ಳೇ ಪ್ರಶ್ನೆ ಕೇಳಿ, ಉತ್ತರಕ್ಕೆ ಅವಸರ ಮಾಡಿದ ಪುಸ್ತಕ ಇದು.

ವಿಟಕರ್ ಡಾಕ್ಟರಲ್ಲ, ಪತ್ರಕರ್ತರು. ಅವರ ಪ್ರಶ್ನೆ ಸರಳ. 1987ರ ಕೊನೆಗೆ ಅಮೆರಿಕದಲ್ಲಿ ಪ್ರೊಜಾಕ್‌ಗೆ ಒಪ್ಪಿಗೆ ಸಿಕ್ತು. ಅಲ್ಲಿಂದ ಮುಂದೆ ಒಂದರ ಹಿಂದೊಂದು ಹೊಸ ಮಾತ್ರೆ. ಔಷಧಿ ಇಷ್ಟು ಚೆನ್ನಾಗಿದ್ರೆ ಕಾಯಿಲೆಯವರು ಕಡಿಮೆ ಆಗ್ಬೇಕಿತ್ತಲ್ಲ? ಆದರೆ ಮಾನಸಿಕ ಕಾಯಿಲೆಯ ಕಾರಣಕ್ಕೆ ಸರ್ಕಾರದಿಂದ ಅಂಗವೈಕಲ್ಯ ಭತ್ಯೆ ಪಡೆಯೋ ಮಕ್ಕಳು 1987ರಲ್ಲಿ 16,200 ಇದ್ದವರು 2007ಕ್ಕೆ 5,61,569 ಆದರು. ಹತ್ತಿರ ಹತ್ತಿರ 35 ಪಟ್ಟು. ಹಾಗಾದ್ರೆ ಈ ಮಾತ್ರೆಗಳೇ ಬೆಳೆಯೋ ಮಿದುಳನ್ನ ಬದಲಾಯಿಸಿ, ಸ್ವಲ್ಪ ದಿನದ ತೊಂದರೆಯನ್ನ ಜೀವಮಾನದ ಕಾಯಿಲೆ ಮಾಡ್ತಿವೆಯಾ? ಶುರುವಿನಲ್ಲಿ ಇದು ಅನುಮಾನ. ಪುಸ್ತಕ ಮುಗಿಯೋ ಹೊತ್ತಿಗೆ ತೀರ್ಪೇ ಆಗಿರುತ್ತೆ.

ಪ್ರಶ್ನೆಯನ್ನ ನಾನು ಪೂರ್ತಿ ಒಪ್ತೀನಿ. ಯಾಕಂದ್ರೆ ಕೇಳಬೇಕಾದವರು ಅದನ್ನ ಗಟ್ಟಿಯಾಗಿ ಕೇಳಿರಲಿಲ್ಲ. ಔಷಧಿ ಪರೀಕ್ಷೆ ನಡೆಯೋದು ಸಾಮಾನ್ಯವಾಗಿ ಕೆಲವು ವಾರ. ಏಳು ವರ್ಷದ ಹುಡುಗ ಅದನ್ನ ನುಂಗೋದು ಹತ್ತು ವರ್ಷ ಇರಬಹುದು. ಆರು ವಾರ ಟೆಸ್ಟ್ ಮಾಡಿದ ಕೋಡನ್ನ ಹತ್ತು ವರ್ಷ ಪ್ರೊಡಕ್ಷನ್‌ನಲ್ಲಿ ಓಡಿಸಿ, ಲಾಗ್ ಕೂಡ ಇಡದೇ ಇದ್ರೆ ನಮ್ಮಲ್ಲಿ ಯಾರೂ ಸುಮ್ಮನಿರಲ್ಲ. ಮಕ್ಕಳ ವಿಷಯದಲ್ಲಿ ಸುಮ್ಮನಿದ್ದರು.

ಸುಮ್ಮನಿದ್ದದ್ದಕ್ಕೆ ಕಾರಣ ಬರೀ ಉದಾಸೀನ ಅಲ್ಲ ಅನ್ನೋದನ್ನ ವಿಟಕರ್ ಚೆನ್ನಾಗಿ ತೋರಿಸ್ತಾರೆ. ಹಾರ್ವರ್ಡ್‌ನ ಜೋಸೆಫ್ ಬೀಡರ್‌ಮನ್ ಮಕ್ಕಳಿಗೂ ಬೈಪೋಲಾರ್ ಕಾಯಿಲೆ ಇದೆ, ನಾವು ಗುರುತಿಸ್ತಿಲ್ಲ ಅಂತ ವಾದಿಸಿದ ದೊಡ್ಡ ಹೆಸರು. ಅಮೆರಿಕದಲ್ಲಿ ಬೈಪೋಲಾರ್ ಅಂತ ಹೆಸರು ಹಚ್ಚಿ ಮಕ್ಕಳನ್ನ, ಹದಿಹರೆಯದವರನ್ನ ನೋಡಿದ ಡಾಕ್ಟರ್ ಭೇಟಿಗಳು 1994ರಿಂದ 2003ರ ಒಳಗೆ ಸುಮಾರು 40 ಪಟ್ಟು ಹೆಚ್ಚಾದವು. ಇದೇ ಬೀಡರ್‌ಮನ್ 2000ದಿಂದ 2007ರವರೆಗೆ ಔಷಧಿ ಕಂಪನಿಗಳಿಂದ ಕನಿಷ್ಠ 16 ಲಕ್ಷ ಡಾಲರ್ ಪಡೆದಿದ್ದರು, ಅದರಲ್ಲಿ ಬಹುಪಾಲನ್ನ ವಿಶ್ವವಿದ್ಯಾಲಯಕ್ಕೆ ಹೇಳಿರಲಿಲ್ಲ ಅನ್ನೋದು 2008ರಲ್ಲಿ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ತನಿಖೆಯಲ್ಲಿ ಹೊರಗೆ ಬಂತು. ಪುಸ್ತಕ ಬಂದ ಮೂರು ವರ್ಷಕ್ಕೆ ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿ ರಿಸ್ಪರ್ಡಾಲ್ ಸೇರಿ ಮೂರು ಔಷಧಿಗಳ ಪ್ರಚಾರದ ಪ್ರಕರಣಗಳಲ್ಲಿ 220 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಒಪ್ಪಿಗೆ ಇಲ್ಲದೆ ಮಕ್ಕಳಿಗೆ, ವೃದ್ಧರಿಗೆ ಪ್ರಚಾರ ಮಾಡಿದ್ದೂ ಆ ಆರೋಪಗಳಲ್ಲಿ ಸೇರಿತ್ತು. ಈ ಭಾಗದಲ್ಲಿ ವಿಟಕರ್ ಮಾತಿಗೆ ಎದುರು ಹೇಳೋದು ಕಷ್ಟ.

ಆದರೆ ಆ 35 ಪಟ್ಟು?

1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ಸಲಿವನ್ ವರ್ಸಸ್ ಝೆಬ್ಲಿ' ಅನ್ನೋ ತೀರ್ಪು ಕೊಟ್ಟಿತು. ಅಲ್ಲಿವರೆಗೆ ಮಗುವಿನ ಕಾಯಿಲೆ ಸರ್ಕಾರದ ಪಟ್ಟಿಗೆ ಸರಿಯಾಗಿ ಹೊಂದಿದರೆ ಮಾತ್ರ ಭತ್ಯೆ. ಹಾಗಲ್ಲ, ದೊಡ್ಡವರಿಗೆ ಮಾಡೋ ಹಾಗೆ ಒಂದೊಂದು ಮಗುವಿನ ಸ್ಥಿತಿಯನ್ನೂ ನೋಡಿ ತೀರ್ಮಾನಿಸಿ ಎಂದಿತು ಕೋರ್ಟ್. ಅದೇ ವರ್ಷ ಮಕ್ಕಳ ಮಾನಸಿಕ ತೊಂದರೆಗಳ ಪಟ್ಟಿಯನ್ನೂ ಹಿಗ್ಗಿಸಿದರು, ಎಡಿಎಚ್‌ಡಿ ಅದರೊಳಗೆ ಬಂತು. ಐದಾರು ವರ್ಷದಲ್ಲಿ ಎಲ್ಲಾ ಥರದ ತೊಂದರೆಗಳನ್ನೂ ಸೇರಿಸಿ ಭತ್ಯೆ ಪಡೆಯೋ ಮಕ್ಕಳ ಸಂಖ್ಯೆ ಮೂರು ಲಕ್ಷದ ಒಳಗಿದ್ದದ್ದು ಎಂಟು ಲಕ್ಷ ದಾಟಿತು. ಯಾವುದನ್ನ ಎರರ್ ಅಂತ ಎಣಿಸಬೇಕು ಅನ್ನೋ ನಿಯಮ ಬದಲಾದ ದಿನ ಗ್ರಾಫ್ ಮೇಲಕ್ಕೆ ಜಿಗಿದ್ರೆ, ಸರ್ವರ್ ಕೆಟ್ಟಿದೆ ಅಂತ ಯಾವ ಎಂಜಿನಿಯರೂ ಹೇಳಲ್ಲ. ಮಾತ್ರೆ ಹೆಚ್ಚಾದದ್ದೂ ನಿಜ, ಭತ್ಯೆ ಹೆಚ್ಚಾದದ್ದೂ ನಿಜ. ಕಾಗೆ ಕೂತಿದ್ದೂ ನಿಜ, ಟೊಂಗೆ ಮುರಿದಿದ್ದೂ ನಿಜ. ಇಡೀ ಪುಸ್ತಕದ ಬೆನ್ನೆಲುಬಾದ ಅಂಕಿಯಲ್ಲಿ ಕಾನೂನಿನ ಪಾಲೆಷ್ಟು ಅಂತ ಮೊದಲು ಕಳೆದು ನೋಡಬೇಕಿತ್ತು.

ಎಡಿಎಚ್‌ಡಿ ವಿಷಯಕ್ಕೆ ಬಂದರೆ ಅವರ ಕೈಯಲ್ಲಿ ಇನ್ನೂ ಗಟ್ಟಿಯಾದ ಆಧಾರ ಇದೆ, ಎಂಟಿಎ ಅಧ್ಯಯನ. ಏಳರಿಂದ ಒಂಬತ್ತು ವರ್ಷದ 579 ಮಕ್ಕಳು. 1999ರಲ್ಲಿ ಬಂದ 14 ತಿಂಗಳ ಫಲಿತಾಂಶದಲ್ಲಿ, ಎಚ್ಚರಿಕೆಯಿಂದ ಮಾತ್ರೆ ಕೊಟ್ಟ ಗುಂಪು ಬರೀ ನಡವಳಿಕೆ ತರಬೇತಿ ಪಡೆದ ಗುಂಪಿಗಿಂತ ಮುಂದಿತ್ತು. ಮೂರು ವರ್ಷಕ್ಕೆ ಆ ವ್ಯತ್ಯಾಸವೇ ಮಾಯ. ಇದನ್ನ ವಿಟಕರ್ ಒತ್ತಿ ಹೇಳ್ತಾರೆ, ಹೇಳಲೇಬೇಕು. ಪುಸ್ತಕದ ನಂತರ ಬಂದ ವರದಿ ಇನ್ನೂ ಖಾರ: ದೊಡ್ಡವರಾಗೋವರೆಗೂ ಬಿಡದೆ ಮಾತ್ರೆ ತೆಗೆದುಕೊಂಡವರ ಲಕ್ಷಣಗಳೇನೂ ಕಡಿಮೆ ಇರಲಿಲ್ಲ, ನಡುನಡುವೆ ಬಿಟ್ಟವರಿಗಿಂತ ಎತ್ತರ ಮಾತ್ರ ಎರಡು ಸೆಂಟಿಮೀಟರ್‌ಗೂ ಹೆಚ್ಚು ಕಡಿಮೆ. ಆದರೆ ಒಂದು ಮಾತು ನೆನಪಿರಬೇಕು. 14 ತಿಂಗಳ ನಂತರ ಯಾರು ಮಾತ್ರೆ ಮುಂದುವರಿಸಬೇಕು ಅನ್ನೋದನ್ನ ಚೀಟಿ ಎತ್ತಿ ನಿರ್ಧರಿಸಿದ್ದಲ್ಲ, ಅಪ್ಪ ಅಮ್ಮ ನಿರ್ಧರಿಸಿದ್ದು. ತೊಂದರೆ ಜಾಸ್ತಿ ಇರೋ ಮಗುವಿಗೆ ತಾನೇ ಮಾತ್ರೆ ಬಿಡಿಸೋಕೆ ಹೆದರೋದು? ಹಾಗಾಗಿ ಮಾತ್ರೆಯಿಂದ ದೀರ್ಘ ಕಾಲದ ಲಾಭ ಕಾಣ್ತಿಲ್ಲ ಅನ್ನೋವರೆಗೆ ಸರಿ. ಮಾತ್ರೆಯೇ ಕೆಡಿಸಿತು ಅನ್ನೋದು ಬೇರೆ ಮಾತು.

ನನ್ನ ದೊಡ್ಡ ತಕರಾರು ಮಿದುಳಿನ ಬಗ್ಗೆ. ಹೊರಗಿನಿಂದ ಔಷಧಿ ಬಂದಾಗ ಮಿದುಳು ಸುಮ್ಮನೆ ಕೂರಲ್ಲ, ತನ್ನನ್ನ ಅದಕ್ಕೆ ಹೊಂದಿಸಿಕೊಳ್ಳುತ್ತೆ ಅನ್ನೋದು ವಿಟಕರ್ ವಾದದ ತಳಹದಿ. ಇದು ಹುಚ್ಚು ವಾದ ಅಲ್ಲ, ಸ್ಟೀವನ್ ಹೈಮನ್ ಅಂಥ ಮುಖ್ಯಧಾರೆಯ ವಿಜ್ಞಾನಿಯೇ 1996ರಲ್ಲಿ ಬರೆದದ್ದು. ಆದರೆ ಸೈಕೋಸಿಸ್‌ನ ಮಾತ್ರೆ, ಖಿನ್ನತೆಯ ಮಾತ್ರೆ, ಎಡಿಎಚ್‌ಡಿ ಮಾತ್ರೆ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ರೆ ಆಗಲ್ಲ. ಸೈಕೋಸಿಸ್ ಮಾತ್ರೆಯ ವಿಷಯದಲ್ಲಿ ಭಯಕ್ಕೆ ಆಧಾರ ಇದೆ: 2005ರ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಕೋತಿಗಳಿಗೆ 17ರಿಂದ 27 ತಿಂಗಳು ಕೊಟ್ಟಾಗ ಮಿದುಳು ಶೇ. 8ರಿಂದ 11ರಷ್ಟು ಚಿಕ್ಕದಾಗಿತ್ತು. ಕೋತಿಗೆ ಕಾಯಿಲೆ ಇರಲಿಲ್ಲ, ಹಾಗಾಗಿ ಕಾಯಿಲೆಯ ಮೇಲೆ ಹಾಕೋ ಹಾಗಿಲ್ಲ. ಖಿನ್ನತೆ ಮಾತ್ರೆಗೆ 2004ರ ಇಲಿಗಳ ಪ್ರಯೋಗ ಇದೆ: ಹುಟ್ಟಿದ ನಾಲ್ಕನೇ ದಿನದಿಂದ 21ನೇ ದಿನದವರೆಗೆ ಫ್ಲುಯೊಕ್ಸೆಟಿನ್ ಕೊಟ್ಟ ಮರಿಗಳು, ನಿಲ್ಲಿಸಿ ವಾರಗಟ್ಟಲೆ ಆಗಿ ದೊಡ್ಡವಾದ ಮೇಲೂ ಅಂಜುಬುರುಕವಾಗಿದ್ದವು. ಇಲಿಮರಿಯ ಮೂರು ವಾರವನ್ನ ಹದಿನೈದರ ಹುಡುಗಿಗೆ ನೇರ ಅನ್ವಯಿಸೋಕಾಗಲ್ಲ ಬಿಡಿ.

ಎಡಿಎಚ್‌ಡಿ ಮಾತ್ರೆಗೆ ವಿಟಕರ್‌ಗೆ ಆಗ ಸಿಗದ ಪುರಾವೆ 2016ರಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನಿಂದ ಬಂತು. ಎಡಿಎಚ್‌ಡಿ ಇದ್ದು ಹಿಂದೆಂದೂ ಮಾತ್ರೆ ತೆಗೆದುಕೊಳ್ಳದ 10ರಿಂದ 12 ವರ್ಷದ 50 ಹುಡುಗರು, 23ರಿಂದ 40 ವರ್ಷದ 49 ಗಂಡಸರು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಮೀಥೈಲ್‌ಫೆನಿಡೇಟ್, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ, 16 ವಾರ. ನಿಲ್ಲಿಸಿ ಒಂದು ವಾರದ ಮೇಲೆ ಸ್ಕ್ಯಾನ್ ಮಾಡಿದರೆ, ಔಷಧಿ ತೆಗೆದುಕೊಂಡ ಹುಡುಗರ ಮಿದುಳಿನ ಡೋಪಮಿನ್ ವ್ಯವಸ್ಥೆಯ ಸ್ಪಂದನೆ ಬದಲಾಗಿತ್ತು. ಅದೇ ಔಷಧಿ ನುಂಗಿದ ಗಂಡಸರಲ್ಲಿ ಆ ಬದಲಾವಣೆ ಕಾಣಲಿಲ್ಲ. ಅಡಿಕೆ ಮರಕ್ಕೆ ಹಾಕೋ ಗೊಬ್ಬರವನ್ನೇ ಸಸಿಮಡಿಗೆ ಹಾಕಬಾರದು ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು; ಮಿದುಳಿನ ಮಟ್ಟಿಗೆ ಅದನ್ನ ಅಳತೆ ಮಾಡಿ ತೋರಿಸಿದ್ದು ಇಂಥ ಕೆಲಸ. ಆದರೆ ಬದಲಾವಣೆ ಅಂದ್ರೆ ಹಾನಿ ಅಂತ ಅಲ್ಲ. ಹಿಂದುಳಿದ ಬೆಳವಣಿಗೆಯನ್ನ ಸರಿದಾರಿಗೆ ತರೋ ಬದಲಾವಣೆಯೂ ಆಗಿರಬಹುದು. ವಿಟಕರ್ ಓದುವಾಗ 'ಬದಲಾಗುತ್ತೆ' ಅನ್ನೋ ಪದ ಸದ್ದಿಲ್ಲದೆ 'ಹಾಳಾಗುತ್ತೆ' ಆಗಿಬಿಡುತ್ತೆ.

ಇದು ಪದದ ಜಗಳ ಅಲ್ಲ. ನನ್ನ ಟೀಮಿನ ಹಿರಿಯರೊಬ್ಬರು ಮಗನಿಗೆ ಇದೇ ಮಾತ್ರೆ ಕೊಡ್ತಿದ್ದಾರೆ. ಪುಸ್ತಕದ ಸಾರಾಂಶದ ವಿಡಿಯೊ ನೋಡಿ, 'ಮಿದುಳೇ ಹೋಗುತ್ತಂತೆ ಮಾರಾಯಾ, ನಾಳೆಯಿಂದ ನಿಲ್ಲಿಸ್ತೀನಿ' ಅಂದ್ರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ನಮ್ಮಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ದೊಡ್ಡವರಲ್ಲಿ ಬೇರೆ ಬೇರೆ ಕಾಯಿಲೆಗಳಿಗೆ ಚಿಕಿತ್ಸೆಯೇ ಸಿಗದವರು ಶೇ. 70ರಿಂದ 92. ಅತಿಯಾಗಿ ಬರೆದುಕೊಟ್ಟ ದೇಶದ ಸಿಟ್ಟನ್ನ, ಡಾಕ್ಟರ್ ಹತ್ತಿರ ಹೋಗೋಕೇ ನಾಚೋ ದೇಶಕ್ಕೆ ಹಾಗೇ ತಂದು ಸುರಿದ್ರೆ ಕಷ್ಟ.

ಅವರಿಗೆ ನಾನು ಹೇಳಿದ್ದು ಇಷ್ಟೇ: ಸಾರ್, ನಿಲ್ಲಿಸೋದಾದ್ರೆ ಡಾಕ್ಟರನ್ನ ಕೇಳಿ ನಿಲ್ಲಿಸಿ, ಬೀಡರ್‌ಮನ್ ಕಥೆ ಇರೋ ಭಾಗ ಓದ್ಕೊಂಡೇ ಹೋಗಿ, ಎಷ್ಟು ವರ್ಷ ಕೊಡಬೇಕು ಅಂತ ಮುಲಾಜಿಲ್ಲದೆ ಕೇಳಿ. ಹೋಗಿ ಕೇಳಿದರು. ಎತ್ತರ, ತೂಕ ಆರು ತಿಂಗಳಿಗೊಮ್ಮೆ ಬರೆದಿಡಿ, ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಬಿಟ್ಟು ನೋಡೋಣ ಅಂದ್ರಂತೆ ಡಾಕ್ಟರ್.