ಬಕ್ಷೀಸು

ಉರ್ದು ಶಾಲೆಯಲ್ಲಿ ನಾವು ಮೊದಲು ಕಲಿತ 'ಬಖ್ಶಿಶ್' ಎಂಬ ಪದಕ್ಕೆ ಕ್ಷಮೆ ಎಂದರ್ಥ. ಮನೆಯಲ್ಲಿ ತೀರಿಕೊಂಡವರ ಹೆಸರು ಬಂದರೆ ಹಿರಿಯರು 'ಅಲ್ಲಾಹ್ ಬಖ್ಶೆ' ಎಂದು ಒಂದು ಕ್ಷಣ ತಡೆದು ಮುಂದಿನ ಮಾತಿಗೆ ಹೋಗುತ್ತಿದ್ದರು. ಅದೇ ಪದ ಕನ್ನಡದಲ್ಲಿ 'ಬಕ್ಷೀಸು' ಆಗಿ ಎದುರಾದಾಗ ಅದು ಹೋಟೆಲಿನ ಹುಡುಗನಿಗೆ, ಕಚೇರಿಯ ಜವಾನನಿಗೆ ಕೊಡುವ ಚಿಲ್ಲರೆಯಾಗಿತ್ತು. ಫಾರ್ಸಿಯ ಒಂದೇ ಮೂಲದಿಂದ ಎರಡೂ ಬಂದಿವೆ. ಎರಡಕ್ಕೂ ಒಂದು ಗುಣ ಸಮಾನ: ಪಡೆಯುವವನು ಇದು ನನ್ನದು ಎಂದು ಕೇಳುವಂತಿಲ್ಲ, ಕೊಡುವವನ ಮರ್ಜಿ. ಹಾಗೆ ಕೇಳಬಹುದಾದದ್ದಕ್ಕೆ ನಮ್ಮಲ್ಲಿ ಬೇರೆ ಪದವಿದೆ, 'ಹಕ್ಕು'. ಅದೂ ಅರಬಿಯಿಂದ ಬಂದು ಕನ್ನಡದ್ದೇ ಆಗಿಹೋದ ಪದ.

ಅಮೆರಿಕದಲ್ಲಿ ಅಧ್ಯಕ್ಷರ ಕ್ಷಮಾದಾನ, ರಾಜಕಾರಣಿಗಳ ಭ್ರಷ್ಟಾಚಾರ, ಹುಟ್ಟಿನಿಂದ ಬರುವ ಪೌರತ್ವ ಈ ಮೂರರ ಸುತ್ತ ಎರಡು ಪಕ್ಷಗಳು ನಡೆಸಿರುವ ಜಗಳವನ್ನು ಓದುವಾಗಲೆಲ್ಲ ನಮಗೆ ಈ ಎರಡು ಪದಗಳು ನೆನಪಾಗುತ್ತವೆ. ಮೂರೂ ಬೇರೆ ಬೇರೆ ವಿಷಯಗಳೆಂಬಂತೆ ಅಲ್ಲಿನ ವಾಗ್ವಾದ ನಡೆಯುತ್ತದೆ. ನಮಗೆ ಹಾಗೆ ಕಾಣುವುದಿಲ್ಲ. ಬಕ್ಷೀಸನ್ನು ಹಕ್ಕಿನಂತೆ ಪಡೆಯುವವರ ಒಂದು ಸಾಲು ಅಲ್ಲಿ ಬೆಳೆದಿದೆ, ಅದೇ ಹೊತ್ತಿಗೆ ಹಕ್ಕನ್ನು ಬಕ್ಷೀಸಿನಂತೆ ಬೇಡಬೇಕಾದವರ ಇನ್ನೊಂದು ಸಾಲೂ.

2025ರ ಜನವರಿ 20ರಂದು ಈ ಎರಡೂ ಸಾಲುಗಳು ಒಂದೇ ದಿನ ಕಾಣಿಸಿಕೊಂಡವು. ಹೊರಹೋಗುತ್ತಿದ್ದ ಅಧ್ಯಕ್ಷ ಜೋ ಬೈಡನ್ ತಮ್ಮ ಅಧಿಕಾರದ ಕೊನೆಯ ನಿಮಿಷಗಳಲ್ಲಿ ಒಡಹುಟ್ಟಿದವರಿಗೂ ಅವರ ಸಂಗಾತಿಗಳಿಗೂ ಕ್ಷಮಾದಾನ ಘೋಷಿಸಿದರು. ಅವರ ಮೇಲೆ ಆರೋಪಪಟ್ಟಿಯೇ ಇರಲಿಲ್ಲ, ಮುಂದೆ ಬರಬಹುದೆಂಬ ಭಯಕ್ಕೆ ಮುಂಗಡ ಕ್ಷಮೆ. ಒಳಬಂದ ಡೊನಾಲ್ಡ್ ಟ್ರಂಪ್, 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದ ಪ್ರಕರಣದಲ್ಲಿದ್ದ ಸುಮಾರು 1500 ಮಂದಿಯನ್ನು ಕ್ಷಮಿಸಿದರು, ಇನ್ನು 14 ಮಂದಿಯ ಶಿಕ್ಷೆ ತಗ್ಗಿಸಿದರು. ಪೊಲೀಸರ ಮೇಲೆ ಕೈಮಾಡಿದವರೂ ಅದರಲ್ಲಿದ್ದರು. ಅದೇ ದಿನ ಅವರೇ ಸಹಿ ಹಾಕಿದ ಇನ್ನೊಂದು ಆದೇಶ ಮಕ್ಕಳ ಬಗ್ಗೆ. ತಾಯಿ ಅಕ್ರಮವಾಗಿ ಅಥವಾ ತಾತ್ಕಾಲಿಕ ವೀಸಾದ ಮೇಲೆ ದೇಶದಲ್ಲಿದ್ದು, ತಂದೆ ಪೌರನೂ ಖಾಯಂ ನಿವಾಸಿಯೂ ಅಲ್ಲದಿದ್ದರೆ, 30 ದಿನಗಳ ನಂತರ ಅಮೆರಿಕದ ನೆಲದಲ್ಲಿ ಹುಟ್ಟುವ ಮಗುವನ್ನು ಸರಕಾರ ಪೌರನೆಂದು ಒಪ್ಪುವುದಿಲ್ಲ ಎಂದು ಅದು ಹೇಳಿತು.

ಕ್ಷಮಾದಾನದ ಅಧಿಕಾರವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕಾನೂನಿಗೆ ಕಣ್ಣಿಲ್ಲ, ಆದ್ದರಿಂದ ಅದರ ಪಕ್ಕದಲ್ಲಿ ಕರುಣೆಗೂ ಒಂದು ಜಾಗ ಇರಬೇಕು. 1977ರ ಜನವರಿಯಲ್ಲಿ ಜಿಮ್ಮಿ ಕಾರ್ಟರ್ ಅಧಿಕಾರಕ್ಕೆ ಬಂದ ಮರುದಿನವೇ, ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲದೆ ತಪ್ಪಿಸಿಕೊಂಡ ಯುವಕರನ್ನು ಕ್ಷಮಿಸಿದರು. ಅವರಿಂದ ಕಾರ್ಟರ್‌ಗೆ ಬರಬೇಕಾದದ್ದು ಏನೂ ಇರಲಿಲ್ಲ, ಮಾಜಿ ಸೈನಿಕರ ಸಿಟ್ಟು ಮಾತ್ರ ಬಂತು. ಬೈಡನ್ ಕೂಡ 2024ರ ಡಿಸೆಂಬರಿನಲ್ಲಿ ಕೇಂದ್ರದ ಮರಣದಂಡನೆಗೆ ಗುರಿಯಾಗಿದ್ದ 40 ಮಂದಿಯಲ್ಲಿ 37 ಮಂದಿಯ ಕುಣಿಕೆ ಕಳಚಿ ಜೀವಾವಧಿಗೆ ಇಳಿಸಿದರು. ಇವು ಬಖ್ಶಿಶ್. ಉರ್ದುವಿನ ಅರ್ಥದಲ್ಲಿ.

ಕನ್ನಡದ ಅರ್ಥದ ಭಯವೂ ಹಳೆಯದೇ. 1788ರಲ್ಲಿ ವರ್ಜೀನಿಯಾದ ಸಭೆಯಲ್ಲಿ ಸಂವಿಧಾನದ ಚರ್ಚೆ ನಡೆದಾಗ ಜಾರ್ಜ್ ಮೇಸನ್ ಎದ್ದು, ಅಧ್ಯಕ್ಷ ತಾನೇ ಸಲಹೆ ಕೊಟ್ಟು ಮಾಡಿಸಿದ ಅಪರಾಧವನ್ನು ತಾನೇ ಕ್ಷಮಿಸಿಬಿಟ್ಟರೆ ಏನು ಗತಿ ಎಂದು ಕೇಳಿದರು. ಅಂಥವನನ್ನು ಸಂಸತ್ತು ಮಹಾಭಿಯೋಗದಿಂದ ಕಿತ್ತುಹಾಕುತ್ತದೆ ಎಂದು ಜೇಮ್ಸ್ ಮ್ಯಾಡಿಸನ್ ಸಮಾಧಾನ ಹೇಳಿದರು. ಪಕ್ಷಗಳು ಇನ್ನೂ ಹುಟ್ಟದ ಕಾಲದ ಸಮಾಧಾನ ಅದು. ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು, ತಮ್ಮವನನ್ನು ಕೈಬಿಡುವ ಪಕ್ಷ ಎಲ್ಲಿದೆ? 1992ರ ಕ್ರಿಸ್‌ಮಸ್ ಮುನ್ನಾದಿನ ಜಾರ್ಜ್ ಬುಷ್ (ತಂದೆ) ಇರಾನ್–ಕಾಂಟ್ರಾ ಹಗರಣದ ಆರು ಮಂದಿಯನ್ನು ಕ್ಷಮಿಸಿದಾಗ ಡೆಮಾಕ್ರಾಟರು ಕೂಗಾಡಿದರು. 2001ರ ಜನವರಿ 20ರಂದು ಬಿಲ್ ಕ್ಲಿಂಟನ್, ತೆರಿಗೆ ವಂಚನೆಯ ಆರೋಪ ಹೊತ್ತು ದೇಶಬಿಟ್ಟು ಓಡಿಹೋಗಿದ್ದ ವ್ಯಾಪಾರಿ ಮಾರ್ಕ್ ರಿಚ್‌ನನ್ನು ಕ್ಷಮಿಸಿದರು. ಆತನ ಮಾಜಿ ಪತ್ನಿ ಕ್ಲಿಂಟನ್ನರ ಪಕ್ಷಕ್ಕೆ ದೊಡ್ಡ ದೇಣಿಗೆ ಕೊಟ್ಟವರು. ಆಗ ಕೂಗುವ ಸರದಿ ರಿಪಬ್ಲಿಕನ್ನರದು. 2020ರ ಡಿಸೆಂಬರಿನಲ್ಲಿ ಟ್ರಂಪ್ ತಮ್ಮ ಮಗಳ ಮಾವ ಚಾರ್ಲ್ಸ್ ಕುಶ್ನರ್‌ನನ್ನು ಕ್ಷಮಿಸಿದಾಗ ಆ ಗಂಟಲುಗಳೆಲ್ಲ ಎಲ್ಲಿ ಹೋದವೋ ತಿಳಿಯದು.

ಬೈಡನ್ ಅವರ ಮಗನ ಪ್ರಕರಣ ನಮ್ಮನ್ನು ಹೆಚ್ಚು ಕಾಡಿದ್ದು. ಬಂದೂಕು ಖರೀದಿಯ ಪ್ರಕರಣದಲ್ಲಿ ಹಂಟರ್ ದೋಷಿಯೆಂದು ತೀರ್ಮಾನವಾಗಿತ್ತು, ತೆರಿಗೆಯ ಪ್ರಕರಣದಲ್ಲಿ ಆತನೇ ತಪ್ಪೊಪ್ಪಿಕೊಂಡಿದ್ದ. ಕ್ಷಮಿಸುವುದಿಲ್ಲ ಎಂದು ತಂದೆ ಮತ್ತೆ ಮತ್ತೆ ಹೇಳಿದ್ದರು. 2024ರ ಡಿಸೆಂಬರ್ 1ರಂದು ಸುಮಾರು ಹನ್ನೊಂದು ವರ್ಷಗಳ ಅವಧಿಯಲ್ಲಿ ಆತ ಮಾಡಿದ, ಮಾಡಿರಬಹುದಾದ ಎಲ್ಲವನ್ನೂ ಕ್ಷಮಿಸಿದರು. ತಂದೆಯ ಕರುಳು ನಮಗೂ ಅರ್ಥವಾಗುತ್ತದೆ, ನಾವೂ ಮಕ್ಕಳೊಂದಿಗರು. ಆದರೂ ಮದರಸದ ದಿನಗಳಿಂದ ಕೇಳಿಬಂದ ಒಂದು ಪ್ರಸಂಗ ಬೆನ್ನು ಬಿಡಲಿಲ್ಲ. ಮಖ್ಝೂಮ್ ಎಂಬ ದೊಡ್ಡ ಮನೆತನದ ಹೆಣ್ಣೊಬ್ಬಳು ಕಳ್ಳತನ ಮಾಡಿದಾಗ ಕುರೈಶರು ಶಿಫಾರಸಿಗೆಂದು ಪ್ರವಾದಿಯವರ(ಸ) ಅಚ್ಚುಮೆಚ್ಚಿನ ಉಸಾಮರನ್ನು ಕಳುಹಿಸಿದರು. ಪ್ರವಾದಿಯವರು(ಸ) ಸಿಟ್ಟಾದರು. ಹಿಂದಿನವರು ಕುಲವಂತ ಕದ್ದರೆ ಬಿಟ್ಟು ಬಡವ ಕದ್ದರೆ ಹಿಡಿದು ಹಾಳಾದರೆಂದೂ, ತಮ್ಮ ಮಗಳು ಫಾತಿಮಾಳೇ ಆಗಿದ್ದರೂ ಶಿಕ್ಷೆ ತಪ್ಪುತ್ತಿರಲಿಲ್ಲವೆಂದೂ ಹೇಳಿದರು. ಬೈಡನ್ ಮಾಡಿದ ದೊಡ್ಡ ಕೆಡುಕು ಮಗನನ್ನು ಉಳಿಸಿಕೊಂಡದ್ದಲ್ಲ. ಅವರ ನಂತರ ಬಂದವರು ಏನು ಮಾಡಿದರೂ 'ನೀವು ಮಾಡಲಿಲ್ಲವೇ?' ಎಂಬ ಉತ್ತರವನ್ನು ಸಿದ್ಧಪಡಿಸಿಕೊಟ್ಟದ್ದು.

ಆ ಉತ್ತರ ಎಷ್ಟು ಉಪಯೋಗಕ್ಕೆ ಬಂತು ನೋಡಿ. ವರ್ಜೀನಿಯಾದ ಕಲ್ಪೆಪರ್ ಎಂಬಲ್ಲಿ ಷೆರೀಫ್ ಆಗಿದ್ದ ಸ್ಕಾಟ್ ಜೆಂಕಿನ್ಸ್ ದುಡ್ಡು ತೆಗೆದುಕೊಂಡು ಜನರಿಗೆ ಪೊಲೀಸ್ ಬಿಲ್ಲೆ ಹಂಚಿದ್ದರು. 75,000 ಡಾಲರಿಗೂ ಹೆಚ್ಚು ಲಂಚವೆಂದು ಸಾಬೀತಾಗಿ 10 ವರ್ಷ ಶಿಕ್ಷೆಯಾಯಿತು. 2025ರ ಮೇ ತಿಂಗಳಲ್ಲಿ ಜೈಲಿಗೆ ಹಾಜರಾಗುವ ಮುಂಚೆಯೇ ಕ್ಷಮೆ ಬಂತು. ಕ್ಷಮಾದಾನದ ಅರ್ಜಿಗಳನ್ನು ಪರಿಶೀಲಿಸುವ ಸರಕಾರಿ ವಕೀಲ ಎಡ್ ಮಾರ್ಟಿನ್, ನಮ್ಮ ಪಾಳಯದ ಒಬ್ಬನನ್ನೂ ಹಿಂದೆ ಬಿಡುವುದಿಲ್ಲ ಎಂಬರ್ಥದ ಮಾತನ್ನು ಎಲ್ಲರಿಗೂ ಕಾಣುವಂತೆ ಬರೆದರು. ಹಿಂದಿನವರು ಇದನ್ನು ಬಚ್ಚಿಟ್ಟು ಮಾಡುತ್ತಿದ್ದರು ಎಂಬಷ್ಟೇ ವ್ಯತ್ಯಾಸ ಎಂದು ಕೆಲವರು ಹೇಳುತ್ತಾರೆ. ಬಚ್ಚಿಡುವುದೂ ಒಂದು ಬಗೆಯ ನಾಚಿಕೆಯಲ್ಲವೇ?

ಇದಕ್ಕಿಂತ ಸೊಗಸಾದದ್ದು ಟೆಕ್ಸಾಸಿನ ಸಂಸದ ಹೆನ್ರಿ ಕ್ವೆಯರ್ ಅವರ ಕತೆ. ಅವರು ಡೆಮಾಕ್ರಾಟ್. ಅಜರ್‌ಬೈಜಾನಿನ ತೈಲ ಕಂಪೆನಿಯಿಂದ, ಮೆಕ್ಸಿಕೋದ ಬ್ಯಾಂಕಿನಿಂದ ಸುಮಾರು 6 ಲಕ್ಷ ಡಾಲರ್ ಲಂಚ ಪಡೆದರೆಂಬ ಆರೋಪ ದಂಪತಿಗಳ ಮೇಲಿತ್ತು. ವಿಚಾರಣೆಯೇ ನಡೆಯದೆ 2025ರ ಡಿಸೆಂಬರಿನಲ್ಲಿ ಟ್ರಂಪ್ ಇಬ್ಬರನ್ನೂ ಕ್ಷಮಿಸಿದರು. ಎದುರು ಪಕ್ಷದವರನ್ನೂ ಕ್ಷಮಿಸುವ ದೊಡ್ಡ ಮನಸ್ಸು ಎಂದು ಹೊಗಳುವವರು ಬಾಯಿ ತೆರೆಯುವಷ್ಟರಲ್ಲಿ ಕ್ವೆಯರ್ ಮತ್ತೆ ತಮ್ಮ ಪಕ್ಷದಿಂದಲೇ ಚುನಾವಣೆಗೆ ನಾಮಪತ್ರ ಹಾಕಿದರು. ಅಧ್ಯಕ್ಷರು ಕೆರಳಿ, ನಿಷ್ಠೆಯೇ ಇಲ್ಲದ ಮನುಷ್ಯ ಎಂದು ಬಹಿರಂಗವಾಗಿ ಬೈದರು. ಕ್ಷಮಿಸಿದವನು ನಿಷ್ಠೆ ಕೇಳುವುದಿಲ್ಲ. ಬಕ್ಷೀಸು ಕೊಟ್ಟವನು ಸಲಾಮು ಬರಲಿಲ್ಲವೆಂದು ಸಿಟ್ಟಾಗುತ್ತಾನೆ.

ಇನ್ನು ಲಂಚದ ಕಾನೂನಿಗೆ ಬಂದರೆ ಅಲ್ಲಿನ ಸುಪ್ರೀಂ ಕೋರ್ಟೇ ನಮ್ಮ ಪದದ ಬಳಿಗೆ ಬಂದು ನಿಂತಿದೆ. ಇಂಡಿಯಾನಾದ ಪೋರ್ಟೇಜ್ ಎಂಬ ಊರಿನ ಮೇಯರ್ ಜೇಮ್ಸ್ ಸ್ನೈಡರ್ ಇದ್ದಾಗ ಕಸದ ಲಾರಿಗಳ ಗುತ್ತಿಗೆ ಒಂದು ಕಂಪೆನಿಗೆ ಹೋಯಿತು. ಆಮೇಲೆ ಆ ಕಂಪೆನಿಯಿಂದ ಅವರಿಗೆ 13,000 ಡಾಲರ್ ಬಂತು. ಸಲಹೆಗೆ ಪಡೆದ ಸಂಭಾವನೆ ಎಂದು ಅವರ ವಾದ. 2024ರ ಜೂನ್ 26ರಂದು ಕೋರ್ಟು 6–3ರ ಬಹುಮತದಿಂದ ತೀರ್ಪಿತ್ತಿತು: ಮೊದಲೇ ಮಾತಾಡಿಕೊಂಡು ಪಡೆದರೆ ಲಂಚ, ಕೆಲಸವಾದ ಮೇಲೆ ಮೆಚ್ಚಿ ಕೊಟ್ಟರೆ ಆ ಕೇಂದ್ರ ಕಾಯ್ದೆಯಡಿ ಅಪರಾಧವಲ್ಲ, ರಾಜ್ಯಗಳೂ ಊರುಗಳೂ ಬೇಕಾದರೆ ತಮ್ಮ ನಿಯಮ ಮಾಡಿಕೊಳ್ಳಲಿ. ಉದಾರವಾದಿಗಳೆನಿಸಿದ ಮೂವರು ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ. ಅದಕ್ಕಾಗಿ ಅವರನ್ನು ಹೆಗಲ ಮೇಲೆ ಹೊರುವುದೂ ಬೇಡ. 2016ರಲ್ಲಿ ವರ್ಜೀನಿಯಾದ ಮಾಜಿ ಗವರ್ನರ್ ಮೆಕ್‌ಡಾನಲ್, ಉದ್ಯಮಿಯೊಬ್ಬನಿಂದ ರೋಲೆಕ್ಸ್ ಗಡಿಯಾರವೂ ಸೇರಿ 1,75,000 ಡಾಲರಿನಷ್ಟು ಉಡುಗೊರೆ–ಸಾಲ ಪಡೆದ ಪ್ರಕರಣದ ಶಿಕ್ಷೆಯನ್ನು ರದ್ದುಮಾಡಿದ್ದು ಇಡೀ ಕೋರ್ಟು, ಒಮ್ಮತದಿಂದ.

ಇಲ್ಲಿ ಒಂದು ಹಳೆಯ ಅಮೆರಿಕನ್ ಕತೆಯ ನೆನಪು ಮಾಡಬೇಕು. ಎಡ್ವರ್ಡ್ ಎವರೆಟ್ ಹೇಲ್ 1863ರ ಡಿಸೆಂಬರಿನಲ್ಲಿ 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಹೆಸರು ಹಾಕದೆ ಪ್ರಕಟಿಸಿದ 'ದೇಶವಿಲ್ಲದ ಮನುಷ್ಯ'. ಮಾಜಿ ಉಪಾಧ್ಯಕ್ಷ ಏರನ್ ಬರ್‌ನ ಸಂಚಿನಲ್ಲಿ ಸಿಕ್ಕಿಕೊಂಡ ಫಿಲಿಪ್ ನೋಲನ್ ಎಂಬ ಯುವ ಸೇನಾಧಿಕಾರಿ ವಿಚಾರಣೆಯ ವೇಳೆ ರೇಗಿ, ಈ ದೇಶದ ಹೆಸರೇ ನನ್ನ ಕಿವಿಗೆ ಬೀಳದಿರಲಿ ಎಂದು ಶಪಿಸುತ್ತಾನೆ. ನ್ಯಾಯಾಧೀಶರು ಅದನ್ನೇ ಶಿಕ್ಷೆಯಾಗಿ ಕೊಡುತ್ತಾರೆ. ಮುಂದಿನ ಐವತ್ತಕ್ಕೂ ಹೆಚ್ಚು ವರ್ಷ ಅವನನ್ನು ಹಡಗಿನಿಂದ ಹಡಗಿಗೆ ದಾಟಿಸುತ್ತಾರೆ. ಅವನ ಕೈಗೆ ಬರುವ ಪತ್ರಿಕೆಯಲ್ಲಿ ದೇಶದ ಸುದ್ದಿ ಇದ್ದ ಜಾಗವೆಲ್ಲ ಕತ್ತರಿಸಿದ ಕಿಂಡಿ. ಅವನ ಅಂಗಿಯ ಗುಂಡಿಗಳ ಮೇಲೆ ದೇಶದ ಚಿಹ್ನೆಯಿಲ್ಲ. ಅಂತರ್ಯುದ್ಧದ ಕಾಲಕ್ಕೆ ದೇಶಪ್ರೇಮ ಉಕ್ಕಿಸಲೆಂದೇ ಬರೆದ ಕತೆ ಇದು, ಕಣ್ಣೀರಿನ ಭಾಗಗಳು ಇಂದು ಓದಿದರೆ ತೆಳುವೆನಿಸುತ್ತವೆ. ನಮಗೆ ಹಿಡಿಸಿದ್ದು ಅದರ ಕಚೇರಿ ವಿವರಗಳು. ನಿರೂಪಕ ನೋಲನ್‌ನ ಬಿಡುಗಡೆಗೆ ಓಡಾಡುತ್ತಾನೆ. ಅಂಥ ಮನುಷ್ಯನೇ ಇಲ್ಲ ಎಂದು ಕಚೇರಿಯವರು ನಟಿಸುತ್ತಾರೆ. ಫೈಲೇ ಇಲ್ಲದವನಿಗೆ ಕ್ಷಮೆ ಹೇಗೆ ಬರಬೇಕು? ಅತ್ತ ಇತಿಹಾಸದ ಬರ್ 1807ರಲ್ಲೇ ಖುಲಾಸೆಯಾಗಿ ಹೊರಬಂದಿದ್ದ.

ನೋಲನ್ ಬಾಯಿಬಿಟ್ಟು ಕೇಳಿ ಶಿಕ್ಷೆ ಪಡೆದವನು. 2025ರ ಆದೇಶದ ಮಗು ಇನ್ನೂ ಬಾಯಿಬಿಟ್ಟು ಅತ್ತೂ ಇಲ್ಲ. ಅದಕ್ಕೆ ಯಾವ ದೇಶವೂ ಇರುವುದಿಲ್ಲ ಎಂದಲ್ಲ, ಎಷ್ಟೋ ಮಕ್ಕಳಿಗೆ ತಂದೆತಾಯಿಯ ದೇಶ ಸಿಗಬಹುದು. ಹುಟ್ಟಿದ ನೆಲ ಮಾತ್ರ ಅದನ್ನು ಅತಿಥಿ ಎಂದು ಕರೆಯುತ್ತದೆ.

1868ರ ಹದಿನಾಲ್ಕನೇ ತಿದ್ದುಪಡಿ ಈ ಮಾತನ್ನು ಬಕ್ಷೀಸಿನ ಪಟ್ಟಿಯಿಂದ ತೆಗೆದು ಹಕ್ಕಿನ ಪಟ್ಟಿಗೆ ಸೇರಿಸಿತ್ತು. ಕಪ್ಪು ಜನ ಪೌರರಾಗಲಾರರು ಎಂದು ಸುಪ್ರೀಂ ಕೋರ್ಟೇ 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಹೇಳಿದ್ದರಿಂದ, ಇನ್ನು ಯಾವ ನ್ಯಾಯಾಧೀಶನ, ಯಾವ ಅಧ್ಯಕ್ಷನ ಮರ್ಜಿಗೂ ಬಿಡಬಾರದೆಂದು ಸಂವಿಧಾನಕ್ಕೇ ಬರೆದರು. ಅಲ್ಲಿ ಹುಟ್ಟಿ, ದೇಶದ ಆಡಳಿತಕ್ಕೆ ಒಳಪಟ್ಟವರೆಲ್ಲ ಪೌರರು. ಈ 'ಒಳಪಟ್ಟ' ಎಂಬ ಪದದ ಮೇಲೆಯೇ ಟ್ರಂಪ್ ಕಡೆಯವರ ವಾದ ನಿಂತಿದೆ. ಬಿಡುಗಡೆಯಾದ ಗುಲಾಮರಿಗಾಗಿ ಮಾಡಿದ ತಿದ್ದುಪಡಿ ಇದು, ಬಂದುಹೋಗುವವರ ನಿಷ್ಠೆ ಬೇರೆ ದೇಶಕ್ಕೆ, ಅವರ ಮಕ್ಕಳಿಗೆ ಇದು ಸಲ್ಲದು ಎನ್ನುತ್ತಾರೆ. ವಾದಕ್ಕೆ ತೂಕವಿಲ್ಲವೆಂದಲ್ಲ. ಆದರೆ 1866ರ ಸೆನೆಟ್ ಚರ್ಚೆಯಲ್ಲೇ ಪೆನ್ಸಿಲ್ವೇನಿಯಾದ ಎಡ್ಗರ್ ಕೋವನ್, ಹಾಗಾದರೆ ಚೀನೀಯರ ಮಕ್ಕಳು, ಜಿಪ್ಸಿಗಳ ಮಕ್ಕಳು ಕೂಡ ಪೌರರೇ ಎಂದು ಹೆದರಿಸಲು ನೋಡಿದ್ದರು. ಕ್ಯಾಲಿಫೋರ್ನಿಯಾದ ಜಾನ್ ಕಾನೆಸ್ ಹೌದು, ಅವರೂ ಪೌರರೇ ಎಂದರು. ತಿಳಿದೇ ಬರೆದದ್ದು.

ಕೆಳಗಿನ ಕೋರ್ಟುಗಳು 2025ರಲ್ಲಿ ಆದೇಶವನ್ನು ತಡೆದವು. ಮೊದಲು ತಡೆದ ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಾಫ್ನರ್, ರಿಪಬ್ಲಿಕನ್ ಅಧ್ಯಕ್ಷ ರೇಗನ್ ನೇಮಿಸಿದವರು. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶದ ಸಿಂಧುತ್ವವನ್ನೇ ವಿಚಾರಣೆಗೆ ಎತ್ತಿಕೊಂಡಿತು.

ನಮ್ಮ ಕನ್ನಡದ ಮನೆಗಳಿಗೆ ಈ ಆದೇಶ ಬಡಿದದ್ದು ತಾತ್ಕಾಲಿಕ ವೀಸಾದ ಮಾತಿನಿಂದ. ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಎಚ್–1ಬಿ ಮೇಲೆ ಹೋದ ಇಂಜಿನಿಯರುಗಳು ಅದರೊಳಗೆ ಬಂದರು. ಒಂದು ದೇಶಕ್ಕೆ ಶೇಕಡ 7ರ ಮಿತಿ ಇರುವುದರಿಂದ ಭಾರತೀಯರು ಗ್ರೀನ್ ಕಾರ್ಡಿಗೆ ದಶಕಗಟ್ಟಲೆ ಕಾಯುತ್ತಾರೆ. ಮನೆ ಕೊಂಡು, ತೆರಿಗೆ ಕಟ್ಟಿ, ತಲೆ ನರೆತರೂ ಕಾಗದದಲ್ಲಿ 'ತಾತ್ಕಾಲಿಕ'. ಆದೇಶ ಬಂದಾಗ ಅಲ್ಲಿನ ಕೆಲವರು ಆಡಿದ ಮಾತು ನಮಗೆ ನೋವು ತಂದಿತು: ನಾವು ಕಾನೂನಿನ ಪ್ರಕಾರ ಬಂದವರು, ಅಕ್ರಮವಾಗಿ ಗಡಿ ದಾಟಿದವರ ಜೊತೆ ನಮ್ಮನ್ನೇಕೆ ಸೇರಿಸಿದಿರಿ? ಡೆಮಾಕ್ರಾಟರ ಕೆಲವರೂ ಇದೇ ರಾಗ ಹಾಡಿದರು, ಪ್ರತಿಭಾವಂತರ ಮಕ್ಕಳಲ್ಲವೇ ಎಂದು. ಯೋಗ್ಯತೆ ನೋಡಿ ಕೊಡುವುದಾದರೆ ಅದು ಇನಾಮು. ಇಲ್ಲಿ ನಮ್ಮ ದೇಶದ ಲೆಕ್ಕವೂ ಚೆನ್ನಾಗಿಲ್ಲ. ನಮ್ಮಲ್ಲೂ ಮೊದಲು ಹುಟ್ಟೇ ಸಾಕಾಗಿತ್ತು. ಕಾಂಗ್ರೆಸ್ ಕಾಲದ ತಿದ್ದುಪಡಿ 1987ರಿಂದ ತಂದೆತಾಯಿಯರಲ್ಲಿ ಒಬ್ಬರಾದರೂ ಪೌರರಿರಬೇಕೆಂದಿತು. ವಾಜಪೇಯಿ ಕಾಲದ್ದು 2004ರ ಡಿಸೆಂಬರಿನಿಂದ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದೆಂದಿತು. ಆಗ ಯಾವ ಇಂಜಿನಿಯರನ ನಿದ್ದೆಯೂ ಕೆಟ್ಟ ನೆನಪು ನಮಗಿಲ್ಲ.

ಕೊಟ್ಟ ಪೌರತ್ವಕ್ಕೂ ಹುಟ್ಟಿನ ಪೌರತ್ವಕ್ಕೂ ಇರುವ ಅಂತರವನ್ನು ಭಾರತೀಯರು ಅಮೆರಿಕದಲ್ಲಿ ಒಮ್ಮೆ ಅನುಭವಿಸಿದ್ದಾರೆ. 1923ರಲ್ಲಿ ಭಗತ್ ಸಿಂಗ್ ತಿಂದ್ ಪ್ರಕರಣದಲ್ಲಿ ಭಾರತೀಯರು ಬಿಳಿಯರಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ತಿಂದ್ ಸೇರಿ ಹಲವರಿಗೆ ಕೊಟ್ಟಿದ್ದ ಪೌರತ್ವವನ್ನು ಸರಕಾರ ವಾಪಸು ಕಿತ್ತುಕೊಂಡಿತು. ಅಲ್ಲೇ ಹುಟ್ಟಿದ ಭಾರತೀಯ ಮಕ್ಕಳನ್ನು ಆ ತೀರ್ಪು ಮುಟ್ಟಲಾಗಲಿಲ್ಲ. ಅವರನ್ನು ಕಾದದ್ದು ಅದಕ್ಕೂ 25 ವರ್ಷ ಮೊದಲು ಒಬ್ಬ ಅಡುಗೆಯವನು ಗೆದ್ದ ಮೊಕದ್ದಮೆ.

ಅವನು ವಾಂಗ್ ಕಿಮ್ ಆರ್ಕ್. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದವನು. 1895ರಲ್ಲಿ ಚೀನಾಕ್ಕೆ ಹೋಗಿ ಮರಳಿದಾಗ ಬಂದರಿನಲ್ಲಿ ತಡೆದು, ನೀನು ಪೌರನಲ್ಲ ಎಂದರು. 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟು 6–2ರಿಂದ ಅವನು ಪೌರನೇ ಎಂದಿತು. ಇಂದಿನ ಇಂಜಿನಿಯರನ ಕೂಸೂ ಅದೇ ತೀರ್ಪಿನ ಕೈ ಹಿಡಿದು ನಿಂತಿದೆ. ಮೂರು ವರ್ಷದ ನಂತರ, 1901ರಲ್ಲಿ, ಟೆಕ್ಸಾಸಿನ ಎಲ್ ಪಾಸೋದಲ್ಲಿ ಅಧಿಕಾರಿಯೊಬ್ಬ ವಾಂಗ್‌ನನ್ನು ಹಿಡಿದು ದೇಶದಲ್ಲಿರಲು ಅಧಿಕಾರವಿಲ್ಲದ ಚೀನೀಯನೆಂದು ಪ್ರಕರಣ ಹಾಕಿದ. ತನ್ನದೇ ಹೆಸರಿನ ತೀರ್ಪು ಕಾನೂನಿನ ಪುಸ್ತಕಗಳಲ್ಲಿ ಅಚ್ಚಾಗಿರುವಾಗ ಅವನು ತಾನು ಅಲ್ಲಿ ಹುಟ್ಟಿದವನೆಂದು ಮತ್ತೆ ರುಜುವಾತು ಮಾಡಬೇಕಾಯಿತು.